ನಂಬಿಕೆಯೂ ಸತ್ಕ್ರಿಯೆಯೂ

ಮನುಷ್ಯನು ದೇವರ ಸನ್ನಿಧಿಯಲ್ಲಿ ನಿಲ್ಲುವಾಗ ಅವನ ಕೈಯಲ್ಲಿ ಏನಿರಬೇಕು? ತಾನು ಮಾಡಿದ ಒಳ್ಳೆಯ ಕೆಲಸಗಳ ಲೆಕ್ಕವಿರಬೇಕೋ, ಇಲ್ಲವೆ ಬರಿಗೈಯನ್ನು ಚಾಚಿ ಬೇಡುವ ನಂಬಿಕೆಯೊಂದೇ ಸಾಕೋ? ಈ ಪ್ರಶ್ನೆಯು ಬೇರೆ ಬೇರೆ ಮತಗಳಲ್ಲಿ ಬೇರೆ ಬೇರೆ ರೂಪದಿಂದ ಹುಟ್ಟಿದೆ. ಆದರೆ ಕ್ರೈಸ್ತಮತದಲ್ಲಿ ಅದಕ್ಕೆ ಒಂದು ವಿಶೇಷವಾದ ತೀಕ್ಷ್ಣತೆಯುಂಟಾಗಿದೆ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಪಾಪದಿಂದ ಬಿಡುಗಡೆಯು ಮನುಷ್ಯನ ಪ್ರಯತ್ನದ ಫಲವಲ್ಲ, ಕ್ರಿಸ್ತನ ಮರಣ ಪುನರುತ್ಥಾನಗಳ ಮೂಲಕ ದೇವರು ಕೊಡುವ ದಾನವು ಎಂಬುದು ಆ ಮತದ ಮೂಲವಾದ ಮಾತು. ದಾನವಾದ ಮೇಲೆ ಅದಕ್ಕೆ ಬೆಲೆಯೇನು? ಬೆಲೆಯಿಲ್ಲವಾದರೆ ಮನುಷ್ಯನು ಒಳ್ಳೆಯವನಾಗಿ ಬಾಳಬೇಕಾದ ಅಗತ್ಯವೇನು? ಈ ಎರಡು ಪ್ರಶ್ನೆಗಳ ನಡುವೆ ಕ್ರೈಸ್ತ ಪಂಡಿತರು ಹತ್ತೊಂಬತ್ತು ಶತಮಾನಗಳಿಗೂ ಮೇಲ್ಪಟ್ಟು ವಿಚಾರಮಾಡುತ್ತ ಬಂದಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಪಶ್ಚಿಮದೇಶಗಳ ಸಭೆಯು ಒಡೆದುಹೋದುದಕ್ಕೂ ಇದು ಒಂದು ಮುಖ್ಯ ಕಾರಣವಾಯಿತು.

ಪಂಗಡಗಳ ನಡುವೆ ತೀರ್ಪುಕೊಡುವುದು ಈ ಲೇಖನದ ಉದ್ದೇಶವಲ್ಲ. ನಮಗೆ ತೋರುವ ಸಂಗತಿ ಒಂದೇ. ಈ ವಿವಾದದಲ್ಲಿ ಸಾಮಾನ್ಯವಾಗಿ ಇಬ್ಬರನ್ನು ಮಾತ್ರವೇ ಲೆಕ್ಕಕ್ಕೆ ತೆಗೆದುಕೊಳ್ಳುವುದುಂಟು: ಕೃಪೆಮಾಡುವ ದೇವರು ಒಬ್ಬನು, ಕೃಪೆಯನ್ನು ಬಯಸುವ ಭಕ್ತನು ಮತ್ತೊಬ್ಬನು. ಆದರೆ ಸತ್ಕ್ರಿಯೆ ಎಂಬುದು ಶೂನ್ಯದಲ್ಲಿ ನಡೆಯತಕ್ಕುದಲ್ಲ. ಅದು ಯಾವನೋ ಒಬ್ಬ ಹಸಿದವನಿಗೆ, ರೋಗಿಗೆ, ಅನಾಥನಿಗೆ ಸಲ್ಲುವುದು. ಆ ಮೂರನೆಯವನ ಕಡೆಯಿಂದ ನೋಡಿದರೆ ಎರಡೂ ಪಕ್ಷಗಳಲ್ಲಿರುವ ಸತ್ಯವಾವುದು, ಎರಡಕ್ಕೂ ಇರುವ ಅಪಾಯವಾವುದು ಎಂಬುದು ಬಹುಮಟ್ಟಿಗೆ ತಿಳಿಯಾಗುವುದೆಂದು ನಮ್ಮ ಅಭಿಪ್ರಾಯ.

ವಿವಾದದ ಬೀಜವು ಹೊಸ ಒಡಂಬಡಿಕೆಯಲ್ಲಿಯೇ ಇದೆ. ಯೆಹೂದ್ಯರಲ್ಲದ ಅನ್ಯಜನರು ಕ್ರಿಸ್ತನನ್ನು ಅನುಸರಿಸಬೇಕಾದರೆ ಮೊದಲು ಸುನ್ನತಿಯನ್ನು ಮಾಡಿಸಿಕೊಂಡು ಮೋಶೆಯ ಧರ್ಮಶಾಸ್ತ್ರದ ಆಚಾರಗಳಿಗೆ ಒಳಗಾಗಬೇಕೇ ಎಂಬ ಪ್ರಶ್ನೆಯು ಮೊದಲನೆಯ ಶತಮಾನದ ಸಭೆಗಳಲ್ಲಿ ಹುಟ್ಟಿತು. ಪೌಲನು ಗಲಾತ್ಯದವರಿಗೂ ರೋಮಾಪುರದವರಿಗೂ ಬರೆದ ಪತ್ರಿಕೆಗಳಲ್ಲಿ, ಬೇಕಾಗಿಲ್ಲವೆಂದು ಖಂಡಿತವಾಗಿ ವಾದಿಸಿದನು. ಅವನು ತೆಗೆದುಕೊಂಡ ನಿದರ್ಶನ ಅಬ್ರಹಾಮನದು. ಅಬ್ರಹಾಮನಿಗೆ ಸುನ್ನತಿಯಾಗುವುದಕ್ಕಿಂತ ಮೊದಲೇ, ಮಕ್ಕಳಿಲ್ಲದ ವೃದ್ಧನಾಗಿದ್ದಾಗಲೇ, ಅವನು ದೇವರ ವಾಗ್ದಾನವನ್ನು ನಂಬಿದನು. ಆ ನಂಬಿಕೆಯೇ ಅವನ ಪಾಲಿಗೆ ನೀತಿಯೆಂದು ಎಣಿಸಲ್ಪಟ್ಟಿತು. ಕೂಲಿಯವನು ತನ್ನ ಕೂಲಿಯನ್ನು ಹಕ್ಕಿನಿಂದ ಕೇಳಬಹುದು, ದಾನವನ್ನು ಪಡೆಯುವವನಿಗೆ ಅಂಥ ಹಕ್ಕಿಲ್ಲ ಎಂಬುದು ಪೌಲನ ವಾದದ ಸಾರ. ಆದುದರಿಂದ ದೇವರ ಮುಂದೆ ಹೆಚ್ಚಳಪಡುವುದಕ್ಕೆ ಯೆಹೂದ್ಯನಿಗೂ ಎಡೆಯಿಲ್ಲ, ಗ್ರೀಕನಿಗೂ ಎಡೆಯಿಲ್ಲ. ಈ ಒಂದು ತತ್ತ್ವದಿಂದ ಜಾತಿ ಕುಲಗಳ ಗೋಡೆಯು ಬಿದ್ದು ಅನ್ಯಜನರು ಸಮಾನರಾಗಿ ಒಳಕ್ಕೆ ಬಂದರೆಂಬುದನ್ನು ನಾವು ಮರೆಯಕೂಡದು.

ಯಾಕೋಬನ ಪತ್ರಿಕೆಯನ್ನು ತೆರೆದರೆ ಬೇರೊಂದು ದನಿಯು ಕೇಳಿಸುತ್ತದೆ. ಅಲ್ಲಿ ಒಬ್ಬ ಸಹೋದರನೋ ಸಹೋದರಿಯೋ ಉಡುವುದಕ್ಕೆ ಬಟ್ಟೆಯಿಲ್ಲದೆ, ಆ ದಿನದ ಊಟಕ್ಕಿಲ್ಲದೆ ಎದುರಿಗೆ ನಿಂತಿರುವರು. ನಂಬಿಕೆಯುಳ್ಳವನೆನ್ನಿಸಿಕೊಂಡವನು ಅವರಿಗೆ ಏನನ್ನೂ ಕೊಡದೆ, ಶುಭವನ್ನು ಹಾರೈಸಿ ಸಮಾಧಾನದಿಂದ ಹೋಗಿಬನ್ನಿರೆಂದು ಕಳುಹಿಸಿಬಿಡುವನು. ಇಂಥ ನಂಬಿಕೆಯಿಂದ ಪ್ರಯೋಜನವೇನು, ಕ್ರಿಯೆಯಿಲ್ಲದ ನಂಬಿಕೆಯು ಪ್ರಾಣವಿಲ್ಲದ ಶರೀರವಲ್ಲವೇ ಎಂದು ಯಾಕೋಬನು ಕೇಳುತ್ತಾನೆ. ದೇವರು ಒಬ್ಬನೇ ಎಂಬುದನ್ನು ದೆವ್ವಗಳು ಸಹ ಒಪ್ಪುವುವೆಂದು ಅವನು ಕಟುವಾಗಿ ನೆನಪುಕೊಡುತ್ತಾನೆ. ಆಶ್ಚರ್ಯವೇನೆಂದರೆ ಅವನ ನಿದರ್ಶನವೂ ಅದೇ ಅಬ್ರಹಾಮನೇ. ಆದರೆ ಪೌಲನು ನೋಡಿದುದು ವಾಗ್ದಾನವನ್ನು ಕೇಳಿ ನಂಬಿದ ಅಬ್ರಹಾಮನನ್ನು. ಯಾಕೋಬನು ನೋಡಿದುದು, ಬಹು ವರ್ಷಗಳ ಮೇಲೆ ಮಗನಾದ ಇಸಾಕನನ್ನೇ ಯಜ್ಞವೇದಿಯ ಮೇಲೆ ಇಟ್ಟ ಅಬ್ರಹಾಮನನ್ನು.

ಇಬ್ಬರ ಮಾತುಗಳೂ ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಂಡರೂ, ಯಾರಿಗೆ ಹೇಳಿದ ಮಾತು ಯಾವುದು ಎಂಬುದನ್ನು ವಿಚಾರಿಸಿದರೆ ವಿರೋಧವು ಬಹಳಮಟ್ಟಿಗೆ ಸಡಿಲವಾಗುತ್ತದೆ. ಪೌಲನು ನಂಬಿಕೆ ಎಂದಾಗ ಮನುಷ್ಯನು ತನ್ನನ್ನೇ ದೇವರ ಕೈಗೆ ಒಪ್ಪಿಸಿಬಿಡುವ ಭಾವವನ್ನು ಹೇಳುತ್ತಾನೆ. ಯಾಕೋಬನು ಖಂಡಿಸುವುದು ಬರಿಯ ಬಾಯಿಮಾತಿನ ಒಪ್ಪಿಗೆಯನ್ನು. ಪೌಲನು ಬೇಡವೆಂದ ಕ್ರಿಯೆಗಳು ದೇವರ ಮೇಲೆ ಹಕ್ಕುಸಾಧಿಸುವುದಕ್ಕಾಗಿ ಮಾಡುವ ಕ್ರಿಯೆಗಳು. ಯಾಕೋಬನು ಬೇಕೆಂದವು ಎದುರಿಗೆ ನಿಂತವನ ಹಸಿವನ್ನು ಹಿಂಗಿಸುವ ಕ್ರಿಯೆಗಳು. ಗಲಾತ್ಯದವರ ಪತ್ರಿಕೆಯಲ್ಲಿ ಪೌಲನೇ, ನಂಬಿಕೆಯು ಪ್ರೀತಿಯ ಮೂಲಕ ಕೆಲಸಮಾಡತಕ್ಕುದೆಂದು ಹೇಳಿರುವನಷ್ಟೆ. ವೈದ್ಯನು ಜ್ವರದಿಂದ ಬೇಯುವವನಿಗೆ ತಂಪನ್ನೂ, ಚಳಿಯಿಂದ ನಡುಗುವವನಿಗೆ ಶಾಖವನ್ನೂ ಕೊಡುವನು. ಆ ಎರಡು ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ವೈದ್ಯಶಾಸ್ತ್ರದಲ್ಲಿ ವಿರೋಧವುಂಟೆಂದು ವಾದಿಸುವುದು ಸರಿಯಲ್ಲ. ಆದರೆ ಮನುಷ್ಯಸ್ವಭಾವವು ವಿಚಿತ್ರವಾದುದು. ಜ್ವರವಿದ್ದವನೇ ಶಾಖದ ಔಷಧವನ್ನು ಆರಿಸಿಕೊಳ್ಳುವನು. ಕರ್ತವ್ಯದಲ್ಲಿ ಸೋಮಾರಿಯಾದವನಿಗೆ ಕೃಪೆಯ ಉಪದೇಶವು ರುಚಿಸುತ್ತದೆ; ತನ್ನ ಅಯೋಗ್ಯತೆಯನ್ನು ನೆನೆದು ಕೊರಗುವವನು ಇನ್ನಷ್ಟು ನೇಮನಿಷ್ಠೆಗಳನ್ನು ತನ್ನ ಮೇಲೆ ಹೇರಿಕೊಳ್ಳುತ್ತಾನೆ. ಮುಂದಿನ ಚರಿತ್ರೆಯಲ್ಲಿ ಆದ ಅನರ್ಥಗಳಲ್ಲಿ ಅನೇಕವು ಈ ಬಗೆಯ ವಿಪರೀತ ಚಿಕಿತ್ಸೆಯಿಂದ ಆದುವು.

ಐದನೆಯ ಶತಮಾನದ ಆರಂಭದಲ್ಲಿ ಪೆಲಾಗಿಯಸ್ ಎಂಬ ಸನ್ಯಾಸಿಯು ರೋಮಾಪುರದ ಕ್ರೈಸ್ತರ ಸಡಿಲವಾದ ನಡತೆಯನ್ನು ಕಂಡು ವ್ಯಥೆಪಟ್ಟನು. ದೇವರು ಆಜ್ಞೆಯನ್ನು ಕೊಟ್ಟಿರುವಾಗ ಅದನ್ನು ನಡೆಯಿಸುವ ಶಕ್ತಿಯನ್ನೂ ಮನುಷ್ಯನಲ್ಲಿ ಇಟ್ಟಿರಲೇಬೇಕು, ಕೈಲಾಗದೆಂಬುದು ಮೈಗಳ್ಳರ ನೆಪ ಎಂಬುದು ಅವನ ವಾದವಾಗಿತ್ತು. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪನಾಗಿದ್ದ ಅಗಸ್ಟೀನನು (೩೫೪–೪೩೦) ಇದನ್ನು ಬಲವಾಗಿ ಎದುರಿಸಿದನು. ಒಳ್ಳೆಯದನ್ನು ತಿಳಿದೂ ಅದನ್ನು ಬಯಸಲಾರದ ದೌರ್ಬಲ್ಯವು ಮನುಷ್ಯನ ಇಚ್ಛೆಯಲ್ಲಿಯೇ ಇದೆ, ಕಟ್ಟುಬಿದ್ದ ಇಚ್ಛೆಯನ್ನು ಕೃಪೆಯೇ ಬಿಡಿಸಬೇಕು ಎಂಬುದು ಅವನ ಸಿದ್ಧಾಂತ. ೪೧೮ ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಸಭೆಯು ಪೆಲಾಗಿಯಸನ ಬೋಧನೆಯನ್ನು ಖಂಡಿಸಿತು. ಪೆಲಾಗಿಯಸನು ಸೋತನಾದರೂ ಅವನ ಕಳವಳವು ಸುಳ್ಳಾಗಿರಲಿಲ್ಲ. ಅಗಸ್ಟೀನನು ಗೆದ್ದುದು ಮನುಷ್ಯನ ಅನುಭವವನ್ನು ಇನ್ನೂ ಆಳಕ್ಕೆ ಇಳಿದು ನೋಡಿದುದರಿಂದ.

ಇನ್ನು ಸಾವಿರಕ್ಕೂ ಹೆಚ್ಚು ವರ್ಷಗಳನ್ನು ದಾಟಿ ಜರ್ಮನಿಗೆ ಬರೋಣ. ಮಾರ್ಟಿನ್ ಲೂಥರನು ೧೪೮೩ ರಲ್ಲಿ ಹುಟ್ಟಿ, ೧೫೦೫ ರಲ್ಲಿ ಎರ್ಫರ್ಟಿನ ಅಗಸ್ಟೀನಿಯನ್ ಮಠವನ್ನು ಸೇರಿದನು. ಉಪವಾಸ, ಜಾಗರಣೆ, ಪಾಪನಿವೇದನೆ ಇವುಗಳಲ್ಲಿ ಅವನು ಯಾವ ಕೊರತೆಯನ್ನೂ ಮಾಡಲಿಲ್ಲ. ಆದರೂ ಮಾಡಿದುದು ಸಾಕೆಂಬ ನೆಮ್ಮದಿ ಅವನಿಗೆ ಬರಲಿಲ್ಲ. ಲೆಕ್ಕವಿಡುವವನಿಗೆ ಲೆಕ್ಕವು ಎಂದಿಗೂ ಮುಗಿಯುವುದಿಲ್ಲವಷ್ಟೆ. ಪೌಲನ ಪತ್ರಿಕೆಗಳನ್ನು ಓದುತ್ತ, ದೇವರ ನೀತಿ ಎಂಬುದು ದಂಡಿಸುವ ನೀತಿಯಲ್ಲ, ನಂಬುವವನಿಗೆ ಉಚಿತವಾಗಿ ಹೊದಿಸುವ ನೀತಿ ಎಂಬ ಅರ್ಥವು ಹೊಳೆದಾಗ ಅವನಿಗೆ ಬಿಡುಗಡೆಯಾಯಿತು. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಕ್ಷಮಾಪತ್ರಗಳ ಮಾರಾಟವು ನಡೆಯುತ್ತಿತ್ತು. ಪಾಪಕ್ಕೆ ಕ್ಷಮೆಯಾದ ಮೇಲೂ ಅನುಭವಿಸಲು ಉಳಿದಿರುವ ದಂಡನೆಯಿಂದ ವಿನಾಯಿತಿಯನ್ನು ಕೊಡುವ ಪತ್ರಗಳವು. ಅದರ ಹಣದಲ್ಲಿ ಒಂದು ಭಾಗವು ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ ಹೋಗುತ್ತಿತ್ತು. ೧೫೧೭ ನೆಯ ಅಕ್ಟೋಬರ್ ೩೧ ರಂದು ಲೂಥರನು ಹೊರಡಿಸಿದ ತೊಂಬತ್ತೈದು ಸೂತ್ರಗಳು ಇದನ್ನು ಪ್ರಶ್ನಿಸಿದುವು. ಅವುಗಳಲ್ಲಿ, ಬಡವನಿಗೆ ಕೊಡುವುದು ಕ್ಷಮಾಪತ್ರವನ್ನು ಕೊಳ್ಳುವುದಕ್ಕಿಂತ ಮೇಲೆಂಬ ವಾದವೂ ಸೇರಿದ್ದಿತು. ಈ ಅಂಶವನ್ನು ಗಮನಿಸತಕ್ಕುದು. ನಂಬಿಕೆಯ ಪಕ್ಷವನ್ನು ಹಿಡಿದವನು ಆರಂಭದಲ್ಲಿಯೇ ಬಡವನನ್ನು ನೆನೆದನು.

೧೫೨೦ ರಲ್ಲಿ ಲೂಥರನು ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಒಂದು ಸಣ್ಣ ಗ್ರಂಥವನ್ನು ಬರೆದನು. ಅದರ ತಾತ್ಪರ್ಯವಿಷ್ಟು: ನಂಬಿಕೆಯಿಂದ ದೇವರ ಮುಂದೆ ಎಲ್ಲವನ್ನೂ ಪಡೆದಾದವನಿಗೆ ತನಗಾಗಿ ಗಳಿಸಬೇಕಾದುದೇನೂ ಉಳಿದಿಲ್ಲ, ಆದುದರಿಂದ ಅವನ ಕೈಗಳು ಈಗ ನೆರೆಯವನ ಸೇವೆಗೆ ಬಿಡುವಾಗಿವೆ. ಒಳ್ಳೆಯ ಮರವು ಒಳ್ಳೆಯ ಹಣ್ಣನ್ನು ಕೊಡುವುದು. ಹಣ್ಣು ಮರವನ್ನು ಒಳ್ಳೆಯದಾಗಿ ಮಾಡಲಾರದು. ಇದು ಬರಿಯ ಮಾತಾಗಿ ಉಳಿಯಲಿಲ್ಲ. ಸ್ಯಾಕ್ಸನಿಯ ಲೈಸ್ನಿಗ್ ಎಂಬ ಚಿಕ್ಕ ಪಟ್ಟಣದವರು ೧೫೨೩ ರಲ್ಲಿ ಸಭೆಯ ಆದಾಯಗಳನ್ನೆಲ್ಲ ಒಂದು ಸಾಮಾನ್ಯ ಪೆಟ್ಟಿಗೆಗೆ ಸೇರಿಸಿ, ಅದರಿಂದ ಅನಾಥರು, ಮುದುಕರು, ಕೆಲಸವಿಲ್ಲದವರು ಇವರನ್ನು ನೋಡಿಕೊಳ್ಳುವ ಏರ್ಪಾಡನ್ನು ಮಾಡಿದರು. ಲೂಥರನು ಆ ನಿಯಮಗಳಿಗೆ ಮುನ್ನುಡಿಯನ್ನು ಬರೆದನು. ಹಿಂದಿನ ಭಾವನೆಯಲ್ಲಿ ಭಿಕ್ಷುಕನು ದಾನಿಯ ಪುಣ್ಯಕ್ಕೆ ಒಂದು ಸಾಧನವಾಗಿಬಿಡುವ ಸಂಭವವಿತ್ತು. ಭಿಕ್ಷುಕರಿಲ್ಲದಿದ್ದರೆ ಭಿಕ್ಷೆಯ ಫಲವೆಲ್ಲಿಂದ ಬರಬೇಕು? ದಾನಕ್ಕೆ ಪುಣ್ಯದ ಬೆಲೆ ತಪ್ಪಿದೊಡನೆ, ಭಿಕ್ಷೆಯೇ ಬೇಡವಾಗುವಂತೆ ಮಾಡುವುದು ಹೇಗೆಂಬ ಯೋಚನೆಗೆ ದಾರಿಯಾಯಿತು. ಆದರೆ ಈ ಯೋಚನೆಯು ಒಂದೇ ಪಕ್ಷದ ಸ್ವತ್ತಾಗಿರಲಿಲ್ಲ. ಕೆಥೋಲಿಕನಾಗಿಯೇ ಉಳಿದ ಲೂಯಿಸ್ ವೀವೆಸನು ೧೫೨೬ ರಲ್ಲಿ ಬ್ರೂಗೆಸ್ ನಗರದವರಿಗಾಗಿ ಬಡವರ ಪೋಷಣೆಯನ್ನು ಕುರಿತು ಬರೆದ ಗ್ರಂಥದಲ್ಲಿಯೂ, ಪಟ್ಟಣದ ಆಡಳಿತವೇ ಬಡವರ ಹೊಣೆಯನ್ನು ಹೊರಬೇಕೆಂದು ವಾದಿಸಿದ್ದಾನೆ.

ಲೂಥರನ ಉತ್ಸಾಹವು ಕೆಲವೊಮ್ಮೆ ಮಿತಿಯನ್ನು ಮೀರಿದುದೂ ಉಂಟು. ೧೫೨೨ ರಲ್ಲಿ ಪ್ರಕಟವಾದ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಅವನು ರೋಮಾಪುರದವರ ಪತ್ರಿಕೆಯ ಒಂದು ವಾಕ್ಯಕ್ಕೆ, ಮೂಲದಲ್ಲಿಲ್ಲದ 'ಮಾತ್ರವೇ' ಎಂಬ ಅರ್ಥದ ಶಬ್ದವನ್ನು ಸೇರಿಸಿದನು. ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದನು. ರೋಮಿನ ಸಭೆಯು ೧೫೪೭ ನೆಯ ಜನವರಿಯಲ್ಲಿ ಟ್ರೆಂಟ್ ಮಹಾಸಭೆಯ ಮೂಲಕ ತನ್ನ ಉತ್ತರವನ್ನು ಕೊಟ್ಟಿತು. ಆ ಉತ್ತರವನ್ನು ಪ್ರತಿಪಕ್ಷದವರು ವರ್ಣಿಸಿದಂತೆ ಕ್ರಿಯೆಗಳ ವ್ಯಾಪಾರವೆಂದು ತಿಳಿಯುವುದು ಅನ್ಯಾಯ. ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯನು ತನ್ನ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಲ್ಲನೆಂಬ ಮತವನ್ನು ಮಹಾಸಭೆಯು ತನ್ನ ಮೊದಲನೆಯ ನಿರ್ಣಯದಲ್ಲಿಯೇ ತಿರಸ್ಕರಿಸಿತು. ಕೃಪೆಯೇ ಮೊದಲು ಬರುವುದು; ಆದರೆ ಮನುಷ್ಯನು ಕಲ್ಲಿನಂತೆ ಜಡನಾಗಿರದೆ ಅದಕ್ಕೆ ಒಪ್ಪಿ ಅದರೊಡನೆ ಕೆಲಸಮಾಡುವನು; ಆಶೆ ಪ್ರೀತಿಗಳು ಕೂಡದ ನಂಬಿಕೆಯು ಪೂರ್ಣವಲ್ಲ; ಸತ್ಕ್ರಿಯೆಗಳಿಂದ ಮನುಷ್ಯನು ನೀತಿಯಲ್ಲಿ ಬೆಳೆಯುವನು. ಇಷ್ಟು ಆ ಸಭೆಯ ಸಿದ್ಧಾಂತ. ನಂಬಿಕೆ ಎಂಬ ಒಂದೇ ಶಬ್ದವನ್ನು ಲೂಥರನ ಪಕ್ಷದವರು ಹೃದಯದ ಭರವಸೆಯೆಂದೂ, ರೋಮಿನ ಪಕ್ಷದವರು ಬುದ್ಧಿಯ ಒಪ್ಪಿಗೆಯೆಂದೂ ಹೆಚ್ಚಾಗಿ ಬಳಸುತ್ತಿದ್ದುದರಿಂದ ಭೇದವು ಇದ್ದುದಕ್ಕಿಂತ ದೊಡ್ಡದಾಗಿ ಕಂಡಿತು.

ನಮ್ಮ ನಾಡಿನ ವಾಚಕರಿಗೆ ಇಲ್ಲಿ ಶ್ರೀವೈಷ್ಣವರ ಮರ್ಕಟನ್ಯಾಯ ಮಾರ್ಜಾರನ್ಯಾಯಗಳು ನೆನಪಿಗೆ ಬಂದಿರಬಹುದು. ಕೋತಿಯ ಮರಿಯು ತಾಯನ್ನು ತಾನೇ ಅವಚಿಕೊಂಡಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುವುದು. ವಡಗಲೆ ತೆಂಗಲೆಗಳ ಈ ವಿವಾದಕ್ಕೂ ಕ್ರೈಸ್ತರ ವಿವಾದಕ್ಕೂ ಇರುವ ಸಾದೃಶ್ಯವನ್ನು ಜರ್ಮನ್ ವಿದ್ವಾಂಸನಾದ ರೂಡಾಲ್ಫ್ ಆಟೋ ಎಂಬವನು ಭಾರತದ ಕೃಪಾಮತವನ್ನು ಕುರಿತು ೧೯೩೦ ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಚಾರಮಾಡಿರುವನು. ಉಪಮಾನವು ಬಹು ಸುಂದರವಾದುದು. ಆದರೆ ಅದರಲ್ಲಿ ತಾಯಿಯೂ ಮರಿಯೂ ಹೊರತು ಬೇರೆ ಯಾರೂ ಇಲ್ಲ. ಎತ್ತಲ್ಪಟ್ಟ ಮರಿಯು ದಾರಿಯಲ್ಲಿ ಬಿದ್ದಿರುವ ಇನ್ನೊಂದು ಮರಿಯನ್ನು ಕಂಡು ಏನುಮಾಡಬೇಕೆಂಬುದನ್ನು ಉಪಮಾನವು ಹೇಳುವುದಿಲ್ಲ. ನಮ್ಮ ಪ್ರಕೃತ ವಿಷಯವು ಇರುವುದು ಅಲ್ಲಿಯೇ.

ನಂಬಿಕೆಯೊಂದೇ ಸಾಕೆಂಬ ಬೋಧನೆಯು ಒಂದು ತಲೆಮಾರಿಗೆ ಬಿಡುಗಡೆಯ ಮಾತಾಗಿದ್ದು, ಮುಂದಿನ ತಲೆಮಾರುಗಳಿಗೆ ಬಾಯಿಪಾಠವಾಯಿತು. ಜರ್ಮನಿಯ ಲೂಥರನ್ ಸಭೆಗಳಲ್ಲಿ ಸಿದ್ಧಾಂತದ ಶುದ್ಧಿಯ ವಿಚಾರದಲ್ಲಿ ಇದ್ದ ಎಚ್ಚರವು ಬಾಳಿನ ಶುದ್ಧಿಯ ವಿಚಾರದಲ್ಲಿ ಕಾಣದೆಹೋಯಿತೆಂದು ಫಿಲಿಪ್ ಸ್ಪೇನರನು ೧೬೭೫ ರಲ್ಲಿ ಎಚ್ಚರಿಸಿದನು. ಅವನ ಮಾರ್ಗವನ್ನು ಹಿಡಿದ ಆಗಸ್ಟ್ ಫ್ರಾಂಕೆಯು ಹಾಲೆ ಪಟ್ಟಣದಲ್ಲಿ ೧೬೯೫ ರಲ್ಲಿ ಬಡಮಕ್ಕಳ ಶಾಲೆಯನ್ನು ತೆರೆದನು. ಅದು ಬೆಳೆದು ದೊಡ್ಡ ಅನಾಥಾಲಯವಾಯಿತು. ೧೭೦೬ ರಲ್ಲಿ ತರಂಗಂಬಾಡಿಗೆ ಬಂದ ಸೀಗನ್‌ಬಾಲ್ಗನು ಈ ಹಾಲೆಯಲ್ಲಿ ಓದಿದವನು. ಈ ಭಕ್ತಿಮಾರ್ಗಕ್ಕೆ ಸೇರಿದ ಬಾಸೆಲ್ ಮಿಶನ್ ೧೮೧೫ ರಲ್ಲಿ ಸ್ಥಾಪಿತವಾಗಿ, ಅದರ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು ೧೮೩೪ ರಲ್ಲಿ ಮಂಗಳೂರಿಗೆ ಬಂದರು.

ಮಂಗಳೂರಿನಲ್ಲಿ ಈ ಪ್ರಶ್ನೆಯ ಎರಡು ಮುಖಗಳನ್ನೂ ಒಂದೇ ಊರಿನಲ್ಲಿ ನೋಡಬಹುದು. ಕ್ರಿಯೆಗಳಿಂದ ಮೋಕ್ಷವಿಲ್ಲವೆಂದು ಬೋಧಿಸಿದ ಬಾಸೆಲ್ ಮಿಶನಿನವರು ಶಾಲೆಗಳನ್ನು ತೆರೆದರು, ಮುದ್ರಾಲಯವನ್ನು ನಡೆಸಿದರು, ೧೮೬೫ ರಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿದರು. ೧೮೪೩ ರ 'ಮಂಗಳೂರ ಸಮಾಚಾರ', ೧೮೯೪ ರ ಕಿಟ್ಟೆಲರ ನಿಘಂಟು ಇವು ಕನ್ನಡಿಗರೆಲ್ಲರಿಗೂ ತಿಳಿದ ವಿಷಯಗಳು. ಕ್ರಿಯೆಗೂ ಬೆಲೆಯುಂಟೆಂದು ನಂಬಿದ ಕೆಥೋಲಿಕ್ ಸಭೆಗೆ ಸೇರಿದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರರು ೧೮೮೦ ರಲ್ಲಿ ಅದೇ ಊರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧವನ್ನು ಹಂಚತೊಡಗಿ, ಹತ್ತು ವರ್ಷಗಳ ಮೇಲೆ ಕುಷ್ಠರೋಗಿಗಳಿಗೆ ಆಶ್ರಯವನ್ನು ಏರ್ಪಡಿಸಿದರು. ಇಬ್ಬರ ಸಿದ್ಧಾಂತ ಬೇರೆ. ಕೆಲಸವು ಅಷ್ಟು ಬೇರೆಯಲ್ಲ. ಮದ್ದನ್ನು ಪಡೆದ ಕುಷ್ಠರೋಗಿಯೂ ಅಕ್ಷರವನ್ನು ಕಲಿತ ಹುಡುಗನೂ ತಮಗೆ ದೊರೆತುದು ನಂಬಿಕೆಯ ಫಲವೋ ಪುಣ್ಯದ ಸಾಧನವೋ ಎಂದು ವಿಚಾರಿಸಿರಲಾರರು. ಆದರೆ ಇಲ್ಲಿ ಒಂದು ಸತ್ಯವನ್ನು ಮುಚ್ಚಕೂಡದು. ಮಿಶನುಗಳ ಶಾಲೆ ಕಾರ್ಖಾನೆಗಳ ಹಿಂದೆ ಮತಪ್ರಚಾರದ ಉದ್ದೇಶವೂ, ಮತಾಂತರದಿಂದ ಜೀವನೋಪಾಯವನ್ನು ಕಳೆದುಕೊಂಡವರಿಗೆ ಕೆಲಸ ಕೊಡಬೇಕೆಂಬ ಉದ್ದೇಶವೂ ಇದ್ದುವು. ತನ್ನ ಆತ್ಮಕ್ಕಾಗಿ ನೆರೆಯವನನ್ನು ಸಾಧನವಾಗಿ ಮಾಡಿಕೊಳ್ಳುವುದು ತಪ್ಪಾದರೆ, ಸಭೆಯ ಸಂಖ್ಯೆಗಾಗಿ ಅವನನ್ನು ಸಾಧನವಾಗಿ ಮಾಡಿಕೊಳ್ಳುವುದೂ ತಪ್ಪೇ. ಈ ಆಕ್ಷೇಪಣೆಯನ್ನು ಎರಡು ಪಕ್ಷದವರೂ ತಮ್ಮ ತಮ್ಮ ಮನಸ್ಸಿಗೆ ಕೇಳಿಕೊಳ್ಳತಕ್ಕುದಾಗಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಾದ ಬಲೆಯಿದೆ. ಸತ್ಕ್ರಿಯೆಯು ಮೋಕ್ಷಕ್ಕೆ ಕ್ರಯವಲ್ಲ, ಅದು ನಂಬಿಕೆ ನಿಜವಾದುದೆಂಬುದಕ್ಕೆ ಸಾಕ್ಷಿ ಎಂದು ಹೇಳಿ ಅನೇಕರು ಎರಡು ಪಕ್ಷಗಳನ್ನು ಸಮಾಧಾನಪಡಿಸಲು ನೋಡಿದ್ದಾರೆ. ಮಾತು ಸುಳ್ಳಲ್ಲ. ಆದರೆ ಭಕ್ತನು ಆ ಸಾಕ್ಷಿಯನ್ನು ತಾನೇ ಪರೀಕ್ಷಿಸತೊಡಗಿದನೆಂದರೆ ಹಳೆಯ ರೋಗವು ಹೊಸ ಹೆಸರಿನಿಂದ ಮರಳಿ ಬರುತ್ತದೆ. ತಾನು ದೇವರಿಂದ ಆರಿಸಲ್ಪಟ್ಟವನೋ ಅಲ್ಲವೋ ಎಂಬ ಭಯದಿಂದ, ಕಾಲ್ವಿನನ ಅನುಯಾಯಿಗಳಲ್ಲಿ ಎಷ್ಟೋ ಜನರು ತಮ್ಮ ನಡತೆಯಲ್ಲಿ ಗುರುತುಗಳನ್ನು ಹುಡುಕಿ ಬಳಲಿದರು. ಇಂಥವನು ಹಸಿದವನಿಗೆ ಅನ್ನವನ್ನು ಇಡುವಾಗ ಅವನ ಮುಖವನ್ನು ನೋಡುವುದಿಲ್ಲ. ಅವನನ್ನು ಕನ್ನಡಿಯಾಗಿ ಮಾಡಿಕೊಂಡು ತನ್ನ ಮುಖವನ್ನು ನೋಡಿಕೊಳ್ಳುತ್ತಾನೆ. ಕ್ರಯವಾಗಿ ಕೊಟ್ಟರೂ ಸಾಕ್ಷಿಯಾಗಿ ಕೊಟ್ಟರೂ ನೆರೆಯವನು ಎರಡನೆಯ ಸ್ಥಾನಕ್ಕೆ ಇಳಿದೇ ಇಳಿಯುವನು.

ಸುವಾರ್ತೆಗಳಲ್ಲಿ ಯೇಸುವು ಹೇಳಿದ ಎರಡು ಕಥೆಗಳು ಈ ಬಲೆಯಿಂದ ಹೊರಗೆ ಬರುವ ದಾರಿಯನ್ನು ತೋರಿಸುತ್ತವೆ. ಲೂಕನ ಸುವಾರ್ತೆಯಲ್ಲಿ ಒಬ್ಬ ಧರ್ಮಶಾಸ್ತ್ರಿಯು ಬಂದು, ನಿತ್ಯಜೀವವನ್ನು ಪಡೆಯಬೇಕಾದರೆ ತಾನೇನು ಮಾಡಬೇಕೆಂದು ಕೇಳುವನು. ಕೊನೆಗೆ ಅವನಿಗೆ ದೊರೆತ ಉತ್ತರವು ಒಂದು ದಾರಿಯ ಕಥೆ. ಕಳ್ಳರಿಂದ ಹೊಡೆಯಿಸಿಕೊಂಡು ಅರೆಜೀವವಾಗಿ ಬಿದ್ದವನನ್ನು ಯಾಜಕನೂ ಲೇವಿಯನೂ ನೋಡಿ ಮಗ್ಗುಲಾಗಿ ಹೋದರು. ಯೆಹೂದ್ಯರು ಹೀನವಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬನು ಅವನ ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ತನ್ನ ವಾಹನದ ಮೇಲೆ ಹತ್ತಿಸಿ, ಛತ್ರದವನಿಗೆ ಎರಡು ನಾಣ್ಯಗಳನ್ನು ಕೊಟ್ಟನು. ಕಥೆಯ ಒಳಗೆ ನಿತ್ಯಜೀವದ ಸುದ್ದಿಯೇ ಇಲ್ಲ. ಸಮಾರ್ಯದವನಿಗೆ ತನ್ನ ಮೋಕ್ಷದ ಯೋಚನೆ ಇದ್ದಿತೆಂದು ಎಲ್ಲಿಯೂ ಹೇಳಿಲ್ಲ. ಗಾಯವನ್ನು ಕಂಡು ಕರುಳು ಕರಗಿತೆಂದಷ್ಟೇ ಹೇಳಿದೆ. ಎರಡನೆಯದು ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿರುವ ಕಡೆಯ ತೀರ್ಪಿನ ಚಿತ್ರ. ಅಲ್ಲಿ ತೀರ್ಪಾಗುವುದು ಕ್ರಿಯೆಯಿಂದಲೇ: ಹಸಿದವನಿಗೆ ಉಣಿಸಿದರೇ, ಸೆರೆಯಲ್ಲಿದ್ದವನನ್ನು ನೋಡಿದರೇ ಎಂಬುದೇ ಪ್ರಶ್ನೆ. ಆದರೆ ಆಶೀರ್ವಾದವನ್ನು ಪಡೆದವರು ಬೆರಗಾಗುತ್ತಾರೆ. ಪ್ರಭುವಿಗೆ ತಾವು ಯಾವಾಗ ಹಾಗೆ ಮಾಡಿದೆವೆಂದು ಅವರಿಗೆ ನೆನಪೇ ಇಲ್ಲ. ಅವರು ಲೆಕ್ಕವಿಟ್ಟಿರಲಿಲ್ಲ. ಕ್ರಿಯೆಯಿಂದ ತೀರ್ಪಾಗುವ ಆ ಸ್ಥಳದಲ್ಲಿ ಕೂಡ, ಕ್ರಿಯೆಯನ್ನು ನೆಚ್ಚಿ ಬಂದವರು ಅವರಾರೂ ಅಲ್ಲ.

ಹಾಗಾದರೆ ನಂಬಿಕೆಯ ಬೋಧನೆಯನ್ನು ಬಿಟ್ಟು ಕರುಣೆಯೊಂದನ್ನೇ ಬೋಧಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಅದೇಕೆಂದರೆ ಕ್ರಿಯೆಯನ್ನು ಮಾಡಲಾರದವರೂ ಲೋಕದಲ್ಲಿದ್ದಾರೆ. ಯೇಸುವಿನ ಪಕ್ಕದಲ್ಲಿ ಶಿಲುಬೆಗೆ ಹಾಕಲ್ಪಟ್ಟ ಕಳ್ಳನಿಗೆ ತನ್ನ ಬಾಳನ್ನು ತಿದ್ದಿಕೊಳ್ಳಲು ವೇಳೆಯಿರಲಿಲ್ಲ. ಕೈಗಳಿಗೆ ಮೊಳೆ ಬಡಿದಿದ್ದುದರಿಂದ ಯಾರಿಗೂ ಏನನ್ನೂ ಮಾಡುವಂತಿರಲಿಲ್ಲ. ತನ್ನನ್ನು ನೆನೆಯಬೇಕೆಂದು ಬೇಡಿಕೊಳ್ಳುವುದೊಂದೇ ಅವನಿಂದಾದ ಕೆಲಸ. ಅದಕ್ಕೆ ಒಪ್ಪಿಗೆಯ ಉತ್ತರ ದೊರೆಯಿತು. ಹತ್ತಾರು ವರ್ಷಗಳಿಂದ ಹಾಸಿಗೆಯನ್ನು ಬಿಟ್ಟೇಳದ ರೋಗಿ, ಬುದ್ಧಿ ಮಂದವಾಗಿ ಹುಟ್ಟಿದ ಮಗು, ಇತರರಿಗೆ ಕೊಡಲು ಏನೂ ಇಲ್ಲದೆ ಎಲ್ಲವನ್ನೂ ಇತರರಿಂದಲೇ ಪಡೆಯಬೇಕಾದ ಮುದುಕಿ ಇವರನ್ನು ಯೋಚಿಸಿ ನೋಡಿರಿ. ಮನುಷ್ಯನ ಬೆಲೆಯು ಅವನ ಕ್ರಿಯೆಯ ಮೊತ್ತವೇ ಆಗಿದ್ದರೆ ಇವರಿಗೆ ಬೆಲೆಯಿಲ್ಲವೆಂದಾಗುವುದು. ಕೊಡುವವನ ಸ್ಥಾನದಲ್ಲಿ ಎಂದಿಗೂ ನಿಲ್ಲಲಾರದವರನ್ನು ದೇವರ ಮನೆಯಿಂದ ಹೊರಗೆ ಹಾಕದಂತೆ ಕಾಯುವ ಬಾಗಿಲು ಕೃಪೆಯ ಸಿದ್ಧಾಂತ. ನಮ್ಮಲ್ಲಿ ಬಲವಿರುವಾಗ ಈ ಸಿದ್ಧಾಂತವು ಅನಾವಶ್ಯಕವಾಗಿ ಕಾಣಬಹುದು. ಆದರೆ ಬಲವು ಎಲ್ಲರಿಗೂ ಒಂದಲ್ಲ ಒಂದು ದಿನ ಮುಗಿಯತಕ್ಕುದೇ ಆಗಿದೆ.

ಆದುದರಿಂದ ಕೃಪೆಯ ಮಾತನ್ನು ಆಡುವವನು ಅದನ್ನು ಯಾರ ಪರವಾಗಿ ಆಡುತ್ತಿದ್ದಾನೆಂಬುದು ಮುಖ್ಯ. ಕೈಲಾಗದವನಿಗೆ ಧೈರ್ಯವನ್ನು ಕೊಡಲು ಆಡಿದರೆ ಅದು ಸುವಾರ್ತೆ. ಕೈಲಾಗುವವನು ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಆಡಿದರೆ ಅದೇ ಮಾತು ವಂಚನೆ. ಜರ್ಮನಿಯ ಲೂಥರನ್ ಪಾದ್ರಿಯಾಗಿದ್ದ ಡೀಟ್ರಿಶ್ ಬಾನ್‌ಹೋಫರನು ಹಿಟ್ಲರನ ಆಳ್ವಿಕೆಯ ಕಾಲದಲ್ಲಿ, ೧೯೩೭ ರಲ್ಲಿ, ಕ್ರಿಸ್ತನ ಅನುಸರಣೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಅನುಸರಣೆಯ ಹೊಣೆಯಿಲ್ಲದೆ ಅಗ್ಗವಾಗಿ ಹಂಚುವ ಕೃಪೆಯು ಸಭೆಗೆ ಮಾರಕವಾದ ಶತ್ರುವೆಂದು ವಾದಿಸಿದನು. ಅವನು ಲೂಥರನನ್ನು ತೊರೆದು ಈ ಮಾತನ್ನು ಹೇಳಲಿಲ್ಲ. ಲೂಥರನನ್ನು ಸರಿಯಾಗಿ ಓದಬೇಕೆಂದೇ ಹೇಳಿದನು. ಹಿಟ್ಲರನ ವಿರುದ್ಧವಾದ ಒಳಸಂಚಿನವರೊಡನೆ ಸೇರಿದ್ದ ಅವನನ್ನು ೧೯೪೫ ನೆಯ ಏಪ್ರಿಲ್ ೯ ರಂದು ಫ್ಲಾಸೆನ್‌ಬುರ್ಗ್ ಸೆರೆಶಿಬಿರದಲ್ಲಿ ಗಲ್ಲಿಗೆ ಹಾಕಿದರು. ನಂಬಿಕೆಯೊಂದೇ ಸಾಕೆಂಬ ಪರಂಪರೆಯಲ್ಲಿ ಬೆಳೆದವನ ನಂಬಿಕೆಯು ಅವನನ್ನು ಕರೆದೊಯ್ದ ಸ್ಥಳವದು.

ಸಭೆಗಳ ನಡುವಿನ ವಿವಾದವು ಈಗ ಬಹುಮಟ್ಟಿಗೆ ತಣ್ಣಗಾಗಿದೆ. ೧೯೯೯ ನೆಯ ಅಕ್ಟೋಬರ್ ೩೧ ರಂದು ಆಗ್ಸ್‌ಬರ್ಗ್ ನಗರದಲ್ಲಿ ರೋಮನ್ ಕೆಥೋಲಿಕ್ ಸಭೆಯೂ ಲೂಥರನ್ ಲೋಕಸಂಘವೂ ಕೂಡಿ ಒಂದು ಘೋಷಣೆಗೆ ರುಜುಮಾಡಿದುವು. ಮನುಷ್ಯನು ತನ್ನ ಯೋಗ್ಯತೆಯಿಂದಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ಕೃಪೆಯ ಮೂಲಕವೇ ದೇವರಿಗೆ ಅಂಗೀಕೃತನಾಗುವನೆಂದೂ, ಸತ್ಕ್ರಿಯೆಗಳು ಅದರ ಫಲವಾಗಿ ಹಿಂಬಾಲಿಸುವುವೆಂದೂ ಉಭಯರೂ ಒಪ್ಪಿದರು. ಘೋಷಣೆಯಲ್ಲಿ ವಿವರಿಸಿದ ಬೋಧನೆಗಳಿಗೆ ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ತಗಲುವುದಿಲ್ಲವೆಂದು ತೀರ್ಮಾನವಾಯಿತು. ೨೦೦೬ ರಲ್ಲಿ ಮೆಥೊಡಿಸ್ಟರೂ ೨೦೧೭ ರಲ್ಲಿ ರಿಫಾರ್ಮ್ಡ್ ಸಭೆಗಳ ಲೋಕಸಂಘದವರೂ ಈ ಒಪ್ಪಂದಕ್ಕೆ ಸೇರಿದರು. ಎಲ್ಲಾ ಭೇದಗಳೂ ಅಳಿದುವೆಂದಲ್ಲ. ಆದರೆ ಯಾವ ಮಾತಿಗಾಗಿ ಸಭೆಯು ಒಡೆದಿತ್ತೋ ಆ ಮಾತಿನಲ್ಲಿಯೇ ಕೂಡಿ ನಿಲ್ಲಲು ಎಡೆಯುಂಟೆಂದು ಅವರು ಕಂಡುಕೊಂಡರು.

ಪಂಡಿತರ ಒಪ್ಪಂದವಾದ ಮಾತ್ರಕ್ಕೆ ನಮ್ಮ ನಮ್ಮ ಮನೆಗಳಲ್ಲಿ ಪ್ರಶ್ನೆಯು ತೀರಲಿಲ್ಲ. ಯಾವ ಮತಕ್ಕೆ ಸೇರಿದವರಾದರೂ ನಾವು ದಾನವನ್ನು ಮಾಡುವಾಗ ಪುಣ್ಯದ ಲೆಕ್ಕವನ್ನೋ, ಹೆಸರಿನ ಲೆಕ್ಕವನ್ನೋ, ನಮ್ಮ ಒಳ್ಳೆಯತನದ ಸಾಕ್ಷಿಯನ್ನೋ ಮನಸ್ಸಿನಲ್ಲಿಟ್ಟುಕೊಳ್ಳುವುದು ಸಹಜವಾಗಿದೆ. ಹಾಗೆಂದು ಮನಸ್ಸು ಪೂರ್ತಿಯಾಗಿ ಶುದ್ಧವಾಗುವವರೆಗೆ ದಾನವನ್ನು ನಿಲ್ಲಿಸಿಬಿಡುವುದೂ ವಿವೇಕವಲ್ಲ. ಹಸಿದವನು ನಮ್ಮ ಚಿತ್ತಶುದ್ಧಿಯಾಗುವವರೆಗೆ ಕಾಯಲಾರನು. ಕೈಯಿಂದಾದುದನ್ನು ಮಾಡತಕ್ಕುದು; ಮಾಡಿದುದನ್ನು ನೆನಪಿನಲ್ಲಿ ಕಟ್ಟಿಡದೆ ಬಿಡತಕ್ಕುದು; ಮಾಡಲಾರದುದಕ್ಕೆ ಕ್ಷಮೆಯುಂಟೆಂದು ನಂಬತಕ್ಕುದು. ಮೊದಲನೆಯ ಮಾತನ್ನು ಯಾಕೋಬನು ಕಲಿಸಿದನು, ಮೂರನೆಯದನ್ನು ಪೌಲನು ಕಲಿಸಿದನು. ನಡುವಿನದನ್ನು ಎಣ್ಣೆಯ ಕುಡಿಕೆಯೊಡನೆ ಆ ದಾರಿಯಲ್ಲಿ ಬಂದ ಸಮಾರ್ಯದವನಿಂದ ಕಲಿಯಬೇಕಾಗಿದೆ. ಅವನು ಛತ್ರದವನಿಗೆ ಹಣವನ್ನು ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ಸಲ್ಲಿಸುವೆನೆಂದು ಹೇಳಿ, ತನ್ನ ಪ್ರಯಾಣವನ್ನು ಮುಂದುವರಿಸಿದನು.